ಪತ್ರಕರ್ತ ಶಾಸಕನಾದ ಮೇಲೆ: ಒಂದು ರಾಜಕೀಯ ಬದುಕನ್ನು ದಾಖಲೆಗಳಿಂದ ಬರೆಯುವ ಬಗೆ

ದೆಹಲಿಯ ಮಾಜಿ ಶಾಸಕ ಜರ್ನೈಲ್ ಸಿಂಗ್ 2021ರ ಮೇ 14ರಂದು ಕೋವಿಡ್‌ನಿಂದ ತೀರಿಕೊಂಡಾಗ ಅವರನ್ನು ಬಹುಪಾಲು ಸುದ್ದಿಗಳು ಗುರುತಿಸಿದ್ದು 2009ರ ಒಂದು ಘಟನೆಯಿಂದ: ಗೃಹ ಸಚಿವರತ್ತ ಶೂ ಎಸೆದ ಪತ್ರಕರ್ತ ಎಂದು. ಆ ಗುರುತು ಸುಳ್ಳಲ್ಲ. ಆದರೆ ಅಲ್ಲಿಂದ ಮುಂದಕ್ಕೆ ಅವರು ಮೂರು ಚುನಾವಣೆಗಳಿಗೆ ನಿಂತರು, ಒಂದರಲ್ಲಿ ಗೆದ್ದರು, ಎರಡು ವರ್ಷಕ್ಕೆ ತುಸು ಕಡಿಮೆ ಅವಧಿಗೆ ಶಾಸಕರಾಗಿದ್ದರು, ಬೇರೊಂದು ರಾಜ್ಯದಲ್ಲಿ ಸ್ಪರ್ಧಿಸಲೆಂದು ಆ ಸ್ಥಾನವನ್ನೇ ಬಿಟ್ಟುಕೊಟ್ಟರು. ಪತ್ರಿಕಾರಂಗದಿಂದ ಶಾಸನಸಭೆಗೆ ಹೋದ ವ್ಯಕ್ತಿಯ ಬಗ್ಗೆ ಬರೆಯಹೊರಡುವ ವಿದ್ಯಾರ್ಥಿಗಳಿಗೂ ಜಿಲ್ಲಾ ವರದಿಗಾರರಿಗೂ ಒದಗುವ ಮೊದಲ ತೊಡಕು ಇದೇ ಆಗಿರುತ್ತದೆ. ಎಲ್ಲರಿಗೂ ನೆನಪಿರುವ ಒಂದು ಗಳಿಗೆ ಉಳಿದ ವರ್ಷಗಳನ್ನೆಲ್ಲ ಮರೆಮಾಡಿ ನಿಂತಿರುತ್ತದೆ. ಸಾರ್ವಜನಿಕವಾಗಿ ಸಿಗುವ ಕಾಗದಪತ್ರಗಳಿಂದಲೇ ಅಂಥ ಬದುಕನ್ನು ಕಟ್ಟಿಕೊಳ್ಳುವುದು ಹೇಗೆಂಬುದನ್ನು ಜರ್ನೈಲ್ ಸಿಂಗ್ ಅವರ ಉದಾಹರಣೆಯನ್ನೇ ಹಿಡಿದು ಇಲ್ಲಿ ವಿವರಿಸಲಾಗಿದೆ.

ಕಾಲಾನುಕ್ರಮವನ್ನು ಎರಡು ಸಾಲಿನಲ್ಲಿ ಬರೆದುಕೊಳ್ಳಿ

ಮೊದಲ ಕೆಲಸ ತಾರೀಖುಗಳದ್ದು. ಒಂದು ಹಾಳೆಯ ಎಡಬದಿಯಲ್ಲಿ ವ್ಯಕ್ತಿಗೆ ಸಂಬಂಧಿಸಿದ ಘಟನೆಗಳನ್ನೂ ಬಲಬದಿಯಲ್ಲಿ ಅದೇ ದಿನಗಳಲ್ಲಿ ಹೊರಗೆ ನಡೆಯುತ್ತಿದ್ದುದನ್ನೂ ಬರೆಯಬೇಕು. ಎಡಬದಿಯೊಂದನ್ನೇ ಬರೆದರೆ ಆತನ ನಡೆಗಳೆಲ್ಲ ಬರೀ ಸ್ವಭಾವದಿಂದ ಹುಟ್ಟಿದವುಗಳಂತೆ ಕಾಣುತ್ತವೆ.

2009ರ ಏಪ್ರಿಲ್ 7ನ್ನೇ ನೋಡಿ. ಎಡಕ್ಕೆ ಬರುವುದು ಇಷ್ಟು: ದೈನಿಕ್ ಜಾಗರಣ್ ಎಂಬ ಹಿಂದಿ ದಿನಪತ್ರಿಕೆಯ ವರದಿಗಾರ ಜರ್ನೈಲ್ ಸಿಂಗ್, ದೆಹಲಿಯ ಕಾಂಗ್ರೆಸ್ ಕಚೇರಿಯಲ್ಲಿ ನಡೆದ ಪತ್ರಿಕಾಗೋಷ್ಠಿಯಲ್ಲಿ ಗೃಹ ಸಚಿವ ಪಿ. ಚಿದಂಬರಂ ಅವರಿಗೆ 1984ರ ಸಿಖ್ ವಿರೋಧಿ ಹಿಂಸಾಚಾರದ ಕುರಿತು ಪ್ರಶ್ನೆ ಕೇಳಿ, ಉತ್ತರದಿಂದ ಸಮಾಧಾನವಾಗದೆ ಶೂ ಎಸೆದರು. ಅದು ಸಚಿವರಿಗೆ ತಾಗಲಿಲ್ಲ. ಬಲಬದಿಗೆ ಬರುವ ಸಂಗತಿಗಳು ಇದಕ್ಕಿಂತ ಹೆಚ್ಚು. 1984ರ ಹಿಂಸೆಯ ಆರೋಪ ಹೊತ್ತಿದ್ದ ಕಾಂಗ್ರೆಸ್ ನಾಯಕ ಜಗದೀಶ್ ಟೈಟ್ಲರ್ ವಿರುದ್ಧ ಸಾಕ್ಷ್ಯವಿಲ್ಲವೆಂದು ಸಿಬಿಐ ಅದೇ ತಿಂಗಳ ಮೊದಲ ದಿನಗಳಲ್ಲಿ ನ್ಯಾಯಾಲಯಕ್ಕೆ ವರದಿ ಕೊಟ್ಟಿತ್ತು. ಟೈಟ್ಲರ್ ಮತ್ತು ಅಂಥದೇ ಆರೋಪವಿದ್ದ ಸಜ್ಜನ್ ಕುಮಾರ್ ಇಬ್ಬರಿಗೂ ಕಾಂಗ್ರೆಸ್ ಲೋಕಸಭೆಯ ಟಿಕೆಟ್ ಕೊಟ್ಟಾಗಿತ್ತು. ಚುನಾವಣೆಯ ಮೊದಲ ಹಂತದ ಮತದಾನ ಏಪ್ರಿಲ್ 16ಕ್ಕೆ ನಿಗದಿಯಾಗಿತ್ತು. ಘಟನೆಯಾಗಿ ಎರಡು ದಿನಗಳಲ್ಲಿ ಆ ಎರಡೂ ಟಿಕೆಟ್ ಹಿಂದಕ್ಕೆ ಹೋದವು. (ದಕ್ಷಿಣ ದೆಹಲಿಯ ಟಿಕೆಟ್ ಸಜ್ಜನ್ ಕುಮಾರ್ ಅವರ ತಮ್ಮನಿಗೇ ದಕ್ಕಿತು ಎಂಬುದನ್ನು ಮಾತ್ರ ಅನೇಕ ಬರಹಗಳು ಬಿಟ್ಟುಬಿಡುತ್ತವೆ.) ಎರಡೂ ಸಾಲುಗಳನ್ನು ಒಟ್ಟಿಗೆ ಓದಿದಾಗ ಒಬ್ಬ ವರದಿಗಾರನ ಸಿಟ್ಟು ಚುನಾವಣೆಯ ಹೊಸ್ತಿಲಲ್ಲಿ ರಾಜಕೀಯ ಪರಿಣಾಮವಾಗಿ ಬದಲಾದ ಬಗೆ ತಿಳಿಯುತ್ತದೆ.

ಮುಂದಿನ ಸಾಲುಗಳು ಬೇಗ ತುಂಬುತ್ತವೆ. ಕೆಲಸ ಹೋಯಿತು, ಅದೇ ವರ್ಷ 1984ರ ಹಿಂಸೆಯ ಕುರಿತ ಅವರ ಪುಸ್ತಕ ಹೊರಬಂತು, 2014ರಲ್ಲಿ ಆಮ್ ಆದ್ಮಿ ಪಕ್ಷದಿಂದ ಪಶ್ಚಿಮ ದೆಹಲಿ ಲೋಕಸಭಾ ಕ್ಷೇತ್ರದಲ್ಲಿ ನಿಂತು ಬಿಜೆಪಿಯ ಪರ್ವೇಶ್ ವರ್ಮಾ ಎದುರು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು, 2015ರ ಫೆಬ್ರವರಿಯಲ್ಲಿ ರಾಜೌರಿ ಗಾರ್ಡನ್ ವಿಧಾನಸಭಾ ಕ್ಷೇತ್ರದಿಂದ ಗೆದ್ದರು. 2009 ಮತ್ತು 2014ರ ನಡುವೆ ಐದು ವರ್ಷಗಳಿವೆ ಎಂಬುದನ್ನು ಗಮನಿಸಿ. ಶೂ ಎಸೆದು ನೇರವಾಗಿ ಶಾಸಕರಾದರು ಎನ್ನುವಂತೆ ಬರೆಯುವವರು ಈ ಐದು ವರ್ಷಗಳನ್ನು ನುಂಗಿಹಾಕುತ್ತಾರೆ. ಅವರು ಸೇರಿದ ಪಕ್ಷ 2009ರಲ್ಲಿ ಹುಟ್ಟಿಯೇ ಇರಲಿಲ್ಲ. ಅದು ಸ್ಥಾಪನೆಯಾದದ್ದು 2012ರ ಕೊನೆಯಲ್ಲಿ.

ಹೆಸರನ್ನು ನಂಬಬೇಡಿ, ಕ್ಷೇತ್ರವನ್ನು ನೋಡಿ

ಈ ಉದಾಹರಣೆಯನ್ನು ಆಯ್ದುಕೊಳ್ಳಲು ಮುಖ್ಯ ಕಾರಣವೇ ಇದು. 2015ರ ದೆಹಲಿ ವಿಧಾನಸಭೆಯಲ್ಲಿ ಜರ್ನೈಲ್ ಸಿಂಗ್ ಎಂಬ ಹೆಸರಿನ ಶಾಸಕರು ಇಬ್ಬರಿದ್ದರು. ಇಬ್ಬರದೂ ಆಮ್ ಆದ್ಮಿ ಪಕ್ಷ, ಇಬ್ಬರೂ ಸಿಖ್ಖರು, ಇಬ್ಬರ ಕ್ಷೇತ್ರಗಳೂ ಪಶ್ಚಿಮ ದೆಹಲಿಯಲ್ಲಿ ಹತ್ತಿರ ಹತ್ತಿರವೇ ಇವೆ. ಒಬ್ಬರು ರಾಜೌರಿ ಗಾರ್ಡನ್‌ನ ಪತ್ರಕರ್ತ. ಇನ್ನೊಬ್ಬರು ತಿಲಕ್ ನಗರದವರು. 2013ರಲ್ಲೇ ಗೆದ್ದು, ಅನಂತರವೂ ಗೆಲ್ಲುತ್ತ ಬಂದವರು. ಗೂಗಲ್‌ನಲ್ಲಿ ಹೆಸರು ಹಾಕಿ ಹುಡುಕಿದವರಿಗೆ ಇಬ್ಬರ ಸುದ್ದಿಗಳೂ ಕಲಸಿಕೊಂಡೇ ಸಿಗುತ್ತವೆ, ಕೆಲವೊಮ್ಮೆ ಒಬ್ಬರ ಸುದ್ದಿಗೆ ಇನ್ನೊಬ್ಬರ ಭಾವಚಿತ್ರವಿರುತ್ತದೆ.

ಇದರಿಂದ ಆಗಬಹುದಾದ ಅನಾಹುತಕ್ಕೆ ಎರಡು ಪ್ರಸಂಗಗಳನ್ನು ನೋಡಬಹುದು. 2015ರ ಮಾರ್ಚ್‌ನಲ್ಲಿ ದೆಹಲಿ ಸರ್ಕಾರ 21 ಶಾಸಕರನ್ನು ಸಂಸದೀಯ ಕಾರ್ಯದರ್ಶಿಗಳನ್ನಾಗಿ ನೇಮಿಸಿತು. ಆ ಪಟ್ಟಿಯಲ್ಲಿ ಇಬ್ಬರೂ ಜರ್ನೈಲ್ ಸಿಂಗ್‌ಗಳಿದ್ದರು. ನೇಮಕವನ್ನು ದೆಹಲಿ ಹೈಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ರದ್ದುಮಾಡಿತು; ಲಾಭದಾಯಕ ಹುದ್ದೆಯ ದೂರು, ಅಂದರೆ ಶಾಸಕರು ಸರ್ಕಾರದ ಲಾಭದ ಹುದ್ದೆ ಹೊಂದಿದ್ದರಿಂದ ಅನರ್ಹರೆಂಬ ದೂರು, ಮಾತ್ರ ಚುನಾವಣಾ ಆಯೋಗದಲ್ಲಿ ಮುಂದುವರಿಯಿತು. 2018ರ ಜನವರಿಯಲ್ಲಿ ಅನರ್ಹಗೊಂಡವರು 20 ಮಂದಿ, 21 ಅಲ್ಲ. ಕಡಿಮೆಯಾದ ಒಬ್ಬರು ರಾಜೌರಿ ಗಾರ್ಡನ್‌ನ ಪತ್ರಕರ್ತ. ಅವರು ಒಂದು ವರ್ಷ ಮೊದಲೇ ರಾಜೀನಾಮೆ ಕೊಟ್ಟಿದ್ದರಿಂದ ಅವರ ಮೇಲಿನ ವಿಚಾರಣೆ ಕೈಬಿಟ್ಟುಹೋಗಿತ್ತು. ಆದರೆ 20 ಮಂದಿಯ ಪಟ್ಟಿಯಲ್ಲಿ ತಿಲಕ್ ನಗರದ ಜರ್ನೈಲ್ ಸಿಂಗ್ ಅವರ ಹೆಸರು ಇರುವುದರಿಂದ, ಕ್ಷೇತ್ರವನ್ನು ನೋಡದೆ ಓದಿದವರು ಪತ್ರಕರ್ತನೇ ಅನರ್ಹಗೊಂಡರೆಂದು ಬರೆದುಬಿಡುವ ಅಪಾಯವಿದೆ. (ಆ ಅನರ್ಹತೆಯ ಆದೇಶವನ್ನು 2018ರ ಮಾರ್ಚ್ 23ರಂದು ಹೈಕೋರ್ಟ್ ತಳ್ಳಿಹಾಕಿ ಪ್ರಕರಣವನ್ನು ಆಯೋಗಕ್ಕೆ ಹಿಂದಿರುಗಿಸಿತೆಂಬುದನ್ನೂ ಜೊತೆಗೇ ಬರೆಯಬೇಕು; ಅನರ್ಹತೆಯನ್ನಷ್ಟೇ ಬರೆದು ನಿಲ್ಲಿಸುವುದು ನ್ಯಾಯವಲ್ಲ.)

ಎರಡನೆಯ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. 1984ರ ಸಂತ್ರಸ್ತರಿಗೆ ನ್ಯಾಯ ಕೋರುವ ನಿರ್ಣಯವೊಂದು 2018ರ ಡಿಸೆಂಬರ್ 21ರಂದು ದೆಹಲಿ ವಿಧಾನಸಭೆಯಲ್ಲಿ ಮಂಡನೆಯಾಯಿತು. ರಾಜೀವ್ ಗಾಂಧಿಯವರ ಭಾರತ ರತ್ನವನ್ನು ಹಿಂಪಡೆಯಬೇಕೆಂಬ ಸಾಲೊಂದನ್ನು ಅದರಲ್ಲಿ ಓದಲಾಯಿತೆಂದು ದೊಡ್ಡ ವಿವಾದವಾಯಿತು. ಮಂಡಿಸಿದವರ ಹೆಸರು ಜರ್ನೈಲ್ ಸಿಂಗ್. ವಿಷಯ 1984, ಹೆಸರೂ ಅದೇ. ಇದು ಪತ್ರಕರ್ತನದೇ ನಿರ್ಣಯವೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಹೊತ್ತಿಗೆ ಪತ್ರಕರ್ತ ಶಾಸಕಸ್ಥಾನ ಬಿಟ್ಟು ಎರಡು ವರ್ಷಗಳಾಗುತ್ತ ಬಂದಿತ್ತು. ಅಂದು ಸದನದಲ್ಲಿದ್ದವರು ತಿಲಕ್ ನಗರದವರು. ಕಥೆಗೆ ಚೆನ್ನಾಗಿ ಹೊಂದುವ ಸಂಗತಿಯನ್ನೇ ಮೊದಲು ಅನುಮಾನಿಸಬೇಕೆಂದು ಹೇಳುವುದು ಇದಕ್ಕಾಗಿ.

ಆದ್ದರಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಪ್ರತಿ ಸಂಗತಿಯ ಪಕ್ಕದಲ್ಲಿ ಹೆಸರಿನ ಬದಲು ಕ್ಷೇತ್ರದ ಹೆಸರನ್ನೂ ತಾರೀಖನ್ನೂ ಬರೆಯಿರಿ. ಕ್ಷೇತ್ರ ನಮೂದಾಗಿಲ್ಲದ ಸುದ್ದಿಯನ್ನು ಬೇರೆ ಕಡೆ ಇಟ್ಟು, ಎರಡನೆಯ ಮೂಲದಿಂದ ಖಚಿತವಾಗುವವರೆಗೆ ಬಳಸಬೇಡಿ. ಇದು ದೆಹಲಿಯ ತೊಡಕು ಮಾತ್ರವಲ್ಲ. ನಮ್ಮಲ್ಲೂ ಬಸವರಾಜ, ಮಂಜುನಾಥ, ಶಿವಕುಮಾರ ಎಂಬ ಹೆಸರುಗಳನ್ನು ಇನಿಷಿಯಲ್ ಇಲ್ಲದೆ ಹುಡುಕಿದರೆ ಇದೇ ಪಾಡಾಗುತ್ತದೆ.

ಅಫಿಡವಿಟ್ ಓದುವ ಕ್ರಮ

ನಾಮಪತ್ರದ ಜೊತೆಗೆ ಅಭ್ಯರ್ಥಿ ಸಲ್ಲಿಸುವ ಪ್ರಮಾಣಪತ್ರ, ಅಂದರೆ ನಮೂನೆ 26, ಚುನಾವಣಾ ಆಯೋಗದ ಜಾಲತಾಣದಲ್ಲೂ ಅದನ್ನು ಆಧರಿಸಿದ ಮೈನೇತಾ ತಾಣದಲ್ಲೂ ಸಿಗುತ್ತದೆ. ಹೆಚ್ಚಿನವರು ಅದರಲ್ಲಿ ನೇರವಾಗಿ ಆಸ್ತಿಯ ಮೊತ್ತಕ್ಕೆ ಹೋಗುತ್ತಾರೆ. ಮೊದಲ ಪುಟದಿಂದಲೇ ಆರಂಭಿಸುವುದು ಒಳ್ಳೆಯದು. ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ವಿಳಾಸ ಅಲ್ಲಿರುತ್ತವೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ. (ವಿಳಾಸವನ್ನು ಗುರುತಿಗಾಗಿ ಬಳಸಿಕೊಳ್ಳಿ, ಬರಹದಲ್ಲಿ ಅಚ್ಚುಹಾಕಬೇಡಿ.) ಅದರ ಕೆಳಗೆ ಅಭ್ಯರ್ಥಿಯ ಹೆಸರು ಯಾವ ರಾಜ್ಯದ, ಯಾವ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ, ಎಷ್ಟನೆಯ ಭಾಗದ ಎಷ್ಟನೆಯ ಕ್ರಮಸಂಖ್ಯೆಯಲ್ಲಿದೆ ಎಂಬ ಸಾಲಿರುತ್ತದೆ.

ಶುಷ್ಕವಾಗಿ ಕಾಣುವ ಈ ಸಾಲು ಜರ್ನೈಲ್ ಸಿಂಗ್ ಅವರ ವಿಷಯದಲ್ಲಿ ಬಹಳ ಹೇಳುತ್ತದೆ. ಅವರು 2014ರಲ್ಲಿ ಪಶ್ಚಿಮ ದೆಹಲಿಗೆ, 2015ರಲ್ಲಿ ರಾಜೌರಿ ಗಾರ್ಡನ್‌ಗೆ, 2017ರಲ್ಲಿ ಪಂಜಾಬಿನ ಲಂಬಿಗೆ ಸ್ಪರ್ಧಿಸಿದರು. ಪ್ರಜಾಪ್ರತಿನಿಧಿ ಕಾಯ್ದೆ 1951ರ 5ನೆಯ ಕಲಮಿನ ಪ್ರಕಾರ ಒಂದು ರಾಜ್ಯದ ವಿಧಾನಸಭೆಗೆ ನಿಲ್ಲುವವರು ಆ ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರರಾಗಿರಲೇಬೇಕು. ಲೋಕಸಭೆಗೆ ಈ ಕಟ್ಟುಪಾಡಿಲ್ಲ. ಒಬ್ಬರು ಎರಡು ಕಡೆ ಮತದಾರರಾಗಿರುವಂತೆಯೂ ಇಲ್ಲ. ಹಾಗಾಗಿ ದೆಹಲಿಯ ಶಾಸಕರೊಬ್ಬರು ಪಂಜಾಬಿನಲ್ಲಿ ನಿಲ್ಲಬೇಕಾದರೆ ಮತದಾರರ ಪಟ್ಟಿಯಲ್ಲಿನ ತಮ್ಮ ಹೆಸರನ್ನು ಅಲ್ಲಿಗೆ ಕೊಂಡೊಯ್ಯಬೇಕಾಗುತ್ತದೆ. ಲಂಬಿಯ ಸ್ಪರ್ಧೆ ಪ್ರಚಾರಕ್ಕೆ ಹೋಗಿಬಂದಷ್ಟು ಹಗುರವಾದ ನಿರ್ಧಾರವಾಗಿರಲು ಸಾಧ್ಯವಿರಲಿಲ್ಲ.

ಮೂರೂ ಅಫಿಡವಿಟ್‌ಗಳನ್ನು ಪಕ್ಕಪಕ್ಕ ಇಟ್ಟು ವೃತ್ತಿ, ಆದಾಯದ ಮೂಲ, ಸಾಲ, ಬಾಕಿಯಿರುವ ಪ್ರಕರಣ ಎಂಬ ನಾಲ್ಕು ಕಡೆ ಏನು ಬದಲಾಗಿದೆ ಎಂದು ನೋಡಿ. ಪತ್ರಕರ್ತರ ವಿಷಯದಲ್ಲಿ ವೃತ್ತಿಯ ಕಲಮು ವಿಶೇಷವಾಗಿ ಮುಖ್ಯ: ಶಾಸಕರಾದ ಮೇಲೂ ಯಾವುದಾದರೂ ಪತ್ರಿಕೆಯಲ್ಲಿ, ಚಾನೆಲ್‌ನಲ್ಲಿ, ಮುದ್ರಣಾಲಯದಲ್ಲಿ ಪಾಲು ಅಥವಾ ಸಂಬಳ ಉಳಿದಿದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಆಸ್ತಿಯ ಹೆಚ್ಚಳವನ್ನು ಬರೆಯುವಾಗ ಹೊಸದಾಗಿ ಕೊಂಡದ್ದು ಯಾವುದು, ಹಳೆಯ ಆಸ್ತಿಯ ಬೆಲೆ ಏರಿದ್ದರಿಂದ ಬಂದದ್ದು ಯಾವುದು ಎಂದು ಬಿಡಿಸಿ ಹೇಳದಿದ್ದರೆ ಶೇಕಡಾವಾರು ಅಂಕಿಗೆ ಅರ್ಥವೇ ಇರುವುದಿಲ್ಲ.

ಸದನದಲ್ಲಿ ಏನು ಮಾಡಲು ಸಾಧ್ಯವಿತ್ತು ಎಂಬುದು ಮೊದಲು

ಶಾಸಕರ ಕೆಲಸವನ್ನು ಅಳೆಯಲು ನಡಾವಳಿಗಳನ್ನು ತೆರೆಯುವ ಮುನ್ನ ಆ ಸದನಕ್ಕೆ ಯಾವ ಅಧಿಕಾರವಿದೆ ಎಂದು ತಿಳಿದಿರಬೇಕು. ದೆಹಲಿ ವಿಧಾನಸಭೆ ಇತರ ರಾಜ್ಯಗಳ ವಿಧಾನಸಭೆಯಂತಲ್ಲ. ಸಂವಿಧಾನದ 239ಎಎ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ಪೊಲೀಸ್, ಭೂಮಿ ಎಂಬ ಮೂರು ವಿಷಯಗಳನ್ನು ಅದರ ಕೈಯಿಂದ ತೆಗೆದಿಟ್ಟಿದೆ. 1984ರ ಹತ್ಯೆಗಳ ತನಿಖೆಯ ಪ್ರಶ್ನೆಯೇ ತಮ್ಮನ್ನು ರಾಜಕೀಯಕ್ಕೆ ತಂದ ವ್ಯಕ್ತಿ, ಪೊಲೀಸರ ಮೇಲೆ ಹಿಡಿತವಿಲ್ಲದ ಸದನದಲ್ಲಿ ಕುಳಿತಿದ್ದರು. ಅಲ್ಲಿ ಅವರು ನಿರ್ಣಯ ತರಬಹುದಿತ್ತು, ಪರಿಹಾರಧನ, ವಿದ್ಯುತ್ ಬಾಕಿ, ಪುನರ್ವಸತಿ ಕಾಲೊನಿಗಳ ಸ್ಥಿತಿ ಇತ್ಯಾದಿಗಳ ಕುರಿತು ಕೇಳಬಹುದಿತ್ತು. ಆದರೆ ಪ್ರಕರಣಗಳನ್ನು ಮತ್ತೆ ತೆರೆಯಿರೆಂದು ಆದೇಶಿಸುವ ಸರ್ಕಾರ ಅವರ ಎದುರಿಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ರಾಜಕೀಯ ಬದುಕಿನ ಬಿಕ್ಕಟ್ಟು ಇರುವುದು ಇಲ್ಲಿಯೇ. ಇದನ್ನು ವಿವರಿಸದೆ ಅವರು 1984ಕ್ಕಾಗಿ ಏನು ಮಾಡಿದರು ಎಂದು ಕೇಳುವುದು ಅರ್ಧ ಪ್ರಶ್ನೆಯಾಗುತ್ತದೆ.

ಇದಾದ ಮೇಲೆ ನಡಾವಳಿಗೆ ಹೋಗಬಹುದು. ದೆಹಲಿ ವಿಧಾನಸಭೆಯ ಕಲಾಪದ ವರದಿಗಳು ಬಹುಪಾಲು ಹಿಂದಿಯಲ್ಲಿವೆ. ಓದಲು ಬಾರದವರು ಬಲ್ಲವರ ನೆರವು ಪಡೆಯುವುದು ಮೇಲು, ಯಾಂತ್ರಿಕ ಅನುವಾದವನ್ನು ನೆಚ್ಚಿಕೊಂಡು ಉಲ್ಲೇಖ ಕೊಡಬಾರದು. ಅಧಿವೇಶನದ ದಿನಗಳ ಪಟ್ಟಿ ಮಾಡಿಕೊಂಡು, ಪ್ರತಿ ದಿನದ ಕಾರ್ಯಕಲಾಪ ಪಟ್ಟಿಯಲ್ಲಿ ಚುಕ್ಕೆ ಗುರುತಿನ (ಸದನದಲ್ಲಿ ಮೌಖಿಕ ಉತ್ತರ ಬೇಡುವ) ಮತ್ತು ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಬೇಡುವ) ಪ್ರಶ್ನೆಗಳು, ಗಮನ ಸೆಳೆಯುವ ಸೂಚನೆ, ನಿಯಮ 280ರ ಅಡಿಯಲ್ಲಿ ಎತ್ತಿದ ವಿಶೇಷ ಪ್ರಸ್ತಾಪ, ಖಾಸಗಿ ಸದಸ್ಯರ ನಿರ್ಣಯ ಇವುಗಳಲ್ಲಿ ರಾಜೌರಿ ಗಾರ್ಡನ್ ಎಂಬ ಹೆಸರನ್ನು ಹುಡುಕಿ. ಕಾರ್ಯಕಲಾಪ ಪಟ್ಟಿಯಲ್ಲಿ ಇರುವುದೆಲ್ಲ ಸದನದಲ್ಲಿ ನಡೆದಿರುವುದಿಲ್ಲ. ಗದ್ದಲದಲ್ಲಿ ಮುಂದೂಡಿಕೆಯಾದರೆ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ ಉಳಿದಿರುತ್ತದೆ. ಆದ್ದರಿಂದ ಪಟ್ಟಿಯನ್ನು ಆ ದಿನದ ಬುಲೆಟಿನ್ ಜೊತೆ ತಾಳೆ ನೋಡಬೇಕು.

ತಾಳೆ ನೋಡದಿದ್ದರೆ ಆಗುವ ಎಡವಟ್ಟಿಗೆ ಮೇಲೆ ಹೇಳಿದ 2018ರ ನಿರ್ಣಯವೇ ಸಾಕ್ಷಿ. ಭಾರತ ರತ್ನದ ಸಾಲು ಹಂಚಲಾಗಿದ್ದ ಕರಡಿನಲ್ಲಿ ಇರಲಿಲ್ಲವೆಂದು ಪಕ್ಷ ಆಮೇಲೆ ಹೇಳಿತು. ಹಂಚಿದ ಕರಡು, ಶಾಸಕರು ಓದಿದ ಮಾತು, ಸದನ ಅಂಗೀಕರಿಸಿದ ಪಠ್ಯ, ಇವು ಮೂರೂ ಬೇರೆ ಬೇರೆಯಾಗಿರಬಹುದು. ಟಿವಿಯ ತುಣುಕಿನಲ್ಲಿ ಕೇಳಿದ್ದನ್ನು ಸದನದ ತೀರ್ಮಾನವೆಂದು ಬರೆಯುವಂತಿಲ್ಲ. ಜಾಲತಾಣದಲ್ಲಿ ಸಿಗದ ದಾಖಲೆಗೆ ವಿಧಾನಸಭೆಯ ಸಚಿವಾಲಯಕ್ಕೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನ ಕಾಯಬೇಕು. ಅರ್ಜಿಯಲ್ಲಿ "ಶಾಸಕರ ಸಾಧನೆಯ ವಿವರ" ಎಂದು ಕೇಳಿದರೆ ಏನೂ ಬರುವುದಿಲ್ಲ. ಇಂಥ ಅಧಿವೇಶನದ ಇಂಥ ತಾರೀಖಿನಂದು ಇಂಥ ಕ್ಷೇತ್ರದ ಸದಸ್ಯರು ಕೇಳಿದ ಪ್ರಶ್ನೆ ಮತ್ತು ಉತ್ತರದ ಪ್ರತಿ ಎಂದು ಬರೆಯಬೇಕು.

ಪ್ರಶ್ನೆಗಳ ಸಂಖ್ಯೆಯನ್ನಷ್ಟೇ ಎಣಿಸಿ ಶಾಸಕರಿಗೆ ಅಂಕ ಕೊಡುವ ಚಾಳಿ ಈಚೆಗೆ ಹೆಚ್ಚಾಗಿದೆ. 70ರಲ್ಲಿ 67 ಸ್ಥಾನ ಗೆದ್ದ ಆಡಳಿತ ಪಕ್ಷದ ಸದಸ್ಯರು ತಮ್ಮದೇ ಸಚಿವರನ್ನು ಎಷ್ಟು ಬಿಗಿಯಾಗಿ ಪ್ರಶ್ನಿಸಬಹುದು ಎಂಬುದನ್ನೂ ಆ ಎಣಿಕೆಯ ಜೊತೆ ಇಟ್ಟು ನೋಡದೆ ತೀರ್ಪು ಕೊಡಬಾರದು.

ಗೆಲುವು, ಸೋಲು ಮತ್ತು ಬಿಟ್ಟುಬಂದ ಕ್ಷೇತ್ರ

2015ರಲ್ಲಿ ಜರ್ನೈಲ್ ಸಿಂಗ್ ಅವರು ಹಾಲಿ ಶಾಸಕರಾಗಿದ್ದ ಅಕಾಲಿ ನಾಯಕ ಮನ್‌ಜಿಂದರ್ ಸಿಂಗ್ ಸಿರ್ಸಾ ಅವರನ್ನು ಸುಮಾರು 10 ಸಾವಿರ ಮತಗಳಿಂದ ಸೋಲಿಸಿದರು. 2017ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು, ಆಗಿನ ಮುಖ್ಯಮಂತ್ರಿ ಪ್ರಕಾಶ್ ಸಿಂಗ್ ಬಾದಲ್ ಅವರ ಸ್ವಕ್ಷೇತ್ರ ಲಂಬಿಗೆ ಹೋದರು. ಅಲ್ಲಿಗೆ ಕಾಂಗ್ರೆಸ್ಸಿನ ಅಮರಿಂದರ್ ಸಿಂಗ್ ಕೂಡ ಬಂದು ನಿಂತರು. ಬಾದಲ್ ಗೆದ್ದರು, ಅಮರಿಂದರ್ ಎರಡನೆಯವರಾದರು, ಜರ್ನೈಲ್ ಸಿಂಗ್ ಮೂರನೆಯ ಸ್ಥಾನಕ್ಕಿಳಿದರು. ಅಮರಿಂದರ್ ಸಿಂಗ್ ಅವರಿಗೆ ಪಟಿಯಾಲಾದ ಸ್ಥಾನವೂ ಇತ್ತು, ಅದನ್ನು ಗೆದ್ದು ಮುಖ್ಯಮಂತ್ರಿಯಾದರು. ಜರ್ನೈಲ್ ಸಿಂಗ್ ಅವರಿಗೆ ಹಿಂದಿರುಗಲು ಸ್ಥಾನವಿರಲಿಲ್ಲ.

ಇಲ್ಲಿಗೆ ನಿಲ್ಲಿಸದೆ ಅವರು ಬಿಟ್ಟುಬಂದ ಕ್ಷೇತ್ರಕ್ಕೆ ಏನಾಯಿತೆಂದು ನೋಡಬೇಕು. ಅನೇಕ ಜೀವನಚಿತ್ರಗಳು ಈ ಭಾಗವನ್ನು ಮುಟ್ಟುವುದೇ ಇಲ್ಲ. ರಾಜೌರಿ ಗಾರ್ಡನ್‌ನಲ್ಲಿ 2017ರ ಏಪ್ರಿಲ್ 9ರಂದು ಉಪಚುನಾವಣೆ ನಡೆಯಿತು. ಅದೇ ಸಿರ್ಸಾ ಈ ಸಲ ಬಿಜೆಪಿ ಚಿಹ್ನೆಯಲ್ಲಿ ಗೆದ್ದರು, ಕಾಂಗ್ರೆಸ್ ಎರಡನೆಯದಾಯಿತು, ಎರಡು ವರ್ಷದ ಹಿಂದೆ ಆ ಕ್ಷೇತ್ರವನ್ನು ಗೆದ್ದಿದ್ದ ಆಮ್ ಆದ್ಮಿ ಪಕ್ಷದ ಅಭ್ಯರ್ಥಿ ಠೇವಣಿ ಕಳೆದುಕೊಂಡರು. ಚಲಾವಣೆಯಾದ ಸಿಂಧು ಮತಗಳ ಆರನೆಯ ಒಂದು ಭಾಗವೂ ಬರದಿದ್ದಾಗ ಠೇವಣಿ ಹೋಗುತ್ತದೆ. ಇದಕ್ಕೆ ರಾಜೀನಾಮೆಯೊಂದೇ ಕಾರಣವೆಂದು ಹೇಳಲಾಗದು. ಪಂಜಾಬಿನ ಫಲಿತಾಂಶದ ನಿರಾಸೆಯೂ ಹಿಂದೆಯೇ ಇತ್ತು. ಆದರೂ ಮತದಾರರು ಐದು ವರ್ಷಕ್ಕೆಂದು ಕೊಟ್ಟ ಸ್ಥಾನವನ್ನು ಎರಡು ವರ್ಷಕ್ಕೇ ಬಿಟ್ಟುಹೋದ ನಡೆಯನ್ನು ಅವರು ಹೇಗೆ ಕಂಡರೆಂಬುದಕ್ಕೆ ಮತಗಟ್ಟೆವಾರು ಅಂಕಿಗಳು ಸುಳಿವು ಕೊಡುತ್ತವೆ. ಅವು ಇರುವುದು ನಮೂನೆ 20ರಲ್ಲಿ. ದೆಹಲಿಯ ಮುಖ್ಯ ಚುನಾವಣಾಧಿಕಾರಿಯ ತಾಣದಲ್ಲಿ ಹುಡುಕಿ, 2015 ಮತ್ತು 2017ರ ಹಾಳೆಗಳನ್ನು ಹೋಲಿಸಬೇಕು. ಮತಗಟ್ಟೆಗಳ ಸಂಖ್ಯೆ ಎರಡು ಚುನಾವಣೆಗಳ ನಡುವೆ ಬದಲಾಗಿರಬಹುದಾದ್ದರಿಂದ ಸಂಖ್ಯೆಯ ಬದಲು ಕಟ್ಟಡದ ಹೆಸರನ್ನು ಹಿಡಿದು ಹೋಲಿಸುವುದು ಕ್ಷೇಮ.

ಪತ್ರಕರ್ತನಾಗಿದ್ದಾಗಿನ ಬರಹಗಳ ಬಗ್ಗೆ ಒಂದೆರಡು ಮಾತು ಸಾಕು. ಬೈಲೈನ್ (ವರದಿಯ ಮೇಲೆ ಅಚ್ಚಾದ ಬರೆದವರ ಹೆಸರು) ಇರುವ ವರದಿಗಳನ್ನಷ್ಟೇ ಆತನದೆಂದು ಬಳಸಿ, ಹಳೆಯ ಸಹೋದ್ಯೋಗಿಗಳ ನೆನಪನ್ನು ತಾರೀಖಿನ ಆಧಾರವಾಗಿ ಬಳಸಬೇಡಿ. ಪತ್ರಕರ್ತರು ಪತ್ರಕರ್ತನ ಬಗ್ಗೆ ಹೇಳುವಾಗ ಒಂದೋ ಮಮತೆ ಹೆಚ್ಚಿರುತ್ತದೆ, ಇಲ್ಲವೇ ಮತ್ಸರ.

ಕರ್ನಾಟಕದಲ್ಲಿ ಇದನ್ನೇ ಮಾಡುವಾಗ

ಇಲ್ಲಿನ ಶಾಸಕರೊಬ್ಬರ ಬಗ್ಗೆ ಬರೆಯುವವರಿಗೆ ಮೇಲಿನ ಕ್ರಮವೇ ಸಾಗುತ್ತದೆ, ಎರಡು ವ್ಯತ್ಯಾಸಗಳೊಂದಿಗೆ. ನಮ್ಮಲ್ಲಿ ಪತ್ರಕರ್ತರಿಗೆ ವಿಧಾನ ಪರಿಷತ್ತಿನ ಬಾಗಿಲೂ ಇದೆ. ಪರಿಷತ್ತಿನ 75 ಸ್ಥಾನಗಳಲ್ಲಿ 11 ನಾಮನಿರ್ದೇಶನದವು. ಸಂವಿಧಾನದ 171ನೆಯ ವಿಧಿ ಅದಕ್ಕೆ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಎಂಬ ಐದು ಕ್ಷೇತ್ರಗಳನ್ನು ಹೇಳುತ್ತದೆ. ಪತ್ರಿಕೋದ್ಯಮದ ಹೆಸರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪತ್ರಕರ್ತರೊಬ್ಬರು ನಾಮನಿರ್ದೇಶನಗೊಂಡಿದ್ದರೆ ಯಾವ ಕ್ಷೇತ್ರದ ಹೆಸರಿನಲ್ಲಿ ಎಂದು ಅಧಿಸೂಚನೆಯಲ್ಲಿ ನೋಡಿಯೇ ಬರೆಯಬೇಕು. ಅಲ್ಲದೆ ನಾಮನಿರ್ದೇಶಿತರು ಚುನಾವಣೆಗೆ ನಿಂತವರಲ್ಲವಾದ್ದರಿಂದ ಅವರ ನಮೂನೆ 26 ಇರುವುದಿಲ್ಲ. ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರ 22ನೆಯ ಕಲಮಿನಂತೆ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಬೇಕು. ಸಲ್ಲಿಸದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸಲು ಅದೇ ಕಲಮಿನಲ್ಲಿ ಅವಕಾಶವಿದೆ. ಕನಿಷ್ಠ ಸಲ್ಲಿಕೆಯಾಗಿದೆಯೇ ಇಲ್ಲವೇ ಎಂಬುದನ್ನಾದರೂ ಅಲ್ಲಿಂದ ತಿಳಿಯಲು ಯತ್ನಿಸಬಹುದು.

ಎರಡನೆಯದು ಹಳೆಯ ಕಾಲದವರ ಮಾತು. ಡಿ.ವಿ. ಗುಂಡಪ್ಪನವರು ಪತ್ರಿಕೆ ನಡೆಸಿದ ಮೇಲೆ 1940ರವರೆಗೆ ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಅಂಥವರ ವಿಷಯದಲ್ಲಿ ಅಫಿಡವಿಟ್ಟೂ ಇಲ್ಲ, ಮತಗಟ್ಟೆಯ ಹಾಳೆಯೂ ಇಲ್ಲ. ಮುದ್ರಿತ ನಡಾವಳಿಯ ಸಂಪುಟಗಳು ಮತ್ತು ಅಂದಿನ ಪತ್ರಿಕೆಗಳೇ ಗತಿ. ಸಂಪುಟದ ಕೊನೆಯಲ್ಲಿ ಸೂಚಿಯಿದ್ದರೆ ಸದಸ್ಯರ ಹೆಸರು ಮತ್ತು ವಿಷಯ ಎರಡರ ಅಡಿಯಲ್ಲೂ ಹುಡುಕಬೇಕು.

ಬರೆದು ಮುಗಿಸಿದ ಮೇಲೆ ಪ್ರತಿ ವಾಕ್ಯದ ಅಂಚಿನಲ್ಲಿ ಅದರ ಮೂಲವನ್ನು ಪೆನ್ಸಿಲ್ಲಿನಲ್ಲಿ ಗುರುತಿಸುತ್ತ ಬನ್ನಿ. ಮೂಲ ಬರೆಯಲಾಗದ ವಾಕ್ಯ ಹೊಡೆದುಹೋಗಲಿ. ಜರ್ನೈಲ್ ಸಿಂಗ್ ಅವರ ವಿಷಯದಲ್ಲಿ ಕೊನೆಯದಾಗಿ ಸೇರಬೇಕಾದ ಸಂಗತಿ, 2020ರ ಆಗಸ್ಟ್‌ನಲ್ಲಿ ಸಾಮಾಜಿಕ ಜಾಲತಾಣದ ಬರಹವೊಂದರ ಕಾರಣಕ್ಕೆ ಪಕ್ಷ ಅವರನ್ನು ಅಮಾನತು ಮಾಡಿದ್ದು. ಅಲ್ಲಿ ಆರೋಪ, ಅವರು ಕೊಟ್ಟ ವಿವರಣೆ, ಪಕ್ಷದ ಕ್ರಮ ಈ ಮೂರೂ ಒಂದೇ ಪ್ಯಾರಾದಲ್ಲಿ ಬರಬೇಕು. ತೀರಿಕೊಂಡವರು ಈಗ ಉತ್ತರ ಕೊಡಲಾರರಾದ್ದರಿಂದ ಅವರ ವಿವರಣೆಯನ್ನು ಆಗಿನ ವರದಿಗಳಿಂದಲೇ ತೆಗೆದು ಹಾಕಿ. ಬದುಕಿರುವ ಇನ್ನೊಬ್ಬ ಜರ್ನೈಲ್ ಸಿಂಗ್ ಅವರ ಹೆಸರು ಬರುವ ಕಡೆಗಳಲ್ಲೆಲ್ಲ ತಿಲಕ್ ನಗರ ಎಂದು ಜೊತೆಗೆ ಇದೆಯೇ ಎಂದು ಅಚ್ಚಿಗೆ ಕಳಿಸುವ ಮುನ್ನ ಇನ್ನೊಮ್ಮೆ ನೋಡಿ.